ಪಿಪೆಟ್ ಟಿಪ್‌ಗೆ 'ಎಂಜಲು' ಅನ್ನಬಹುದೇ?

ಸ್ನೇಹಿತರೆ, ನಮಸ್ಕಾರ.

ನಾನು ಬೆಂಗಳೂರಿನ ಒಂದು ಜೀವವಿಜ್ಞಾನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವ ಸಹಾಯಕರಿಗೆ ಅಂತ ಕನ್ನಡದಲ್ಲಿ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೂರು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ರೀಏಜೆಂಟ್, ಅಂದರೆ ಪ್ರಯೋಗಕ್ಕೆ ಬಳಸುವ ರಾಸಾಯನಿಕ, ಕಿಣ್ವದಂಥವು. 'ಕಾರಕ' ಅಂತ ಬರೆದು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ. ಅದನ್ನು ಓದಿದ ಸಹಾಯಕಿಯೊಬ್ಬರು 'ಯಾವ ರೋಗದ್ದು ಇಟ್ಟಿದ್ದೀರಿ ಮೇಡಂ?' ಅಂತ ಕೇಳಿದರು. ಅವರು ಕೇಳಿ ಬಲ್ಲ ಕಾರಕ ಅಂದರೆ ರೋಗಕಾರಕ. ಅವರು ಕೇಳಿದ್ದು ಸರಿಯೇ ಇತ್ತು, ಚೀಟಿ ಕಿತ್ತೆ. ಹಾಗಂತ ಎಲ್ಲವನ್ನೂ 'ಕೆಮಿಕಲ್' ಅಂದರೂ ಕಷ್ಟ. ಕಿಣ್ವವನ್ನು ಉಪ್ಪಿನ ಡಬ್ಬಿಯ ಹಾಗೆ ಮೇಜಿನ ಮೇಲೆ ಬಿಡುವಂತಿಲ್ಲ, ಕೆಡುತ್ತದೆ. ಮೈನಸ್ 20 ಡಿಗ್ರಿಯಲ್ಲಿಡಬೇಕು, ಹೊರಗೆ ತೆಗೆದರೆ ಐಸ್ ಮೇಲೆಯೇ ಇರಬೇಕು. ಸಾಮಾನ್ಯವಾಗಿ ಅದರಲ್ಲಿ ಅರ್ಧದಷ್ಟು ಗ್ಲಿಸರಾಲ್ ಇರುವುದರಿಂದ ಅಷ್ಟು ಚಳಿಯಲ್ಲೂ ಗಟ್ಟಿಯಾಗುವುದಿಲ್ಲ. ಹೊಸಬರು ಅದು ನೀರಾಗಿರುವುದನ್ನು ನೋಡಿ ಫ್ರೀಜರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಸದ್ಯಕ್ಕೆ ರೀಏಜೆಂಟ್ ಅಂತಲೇ ಉಳಿಸಿಕೊಂಡಿದ್ದೇನೆ.

ಎರಡನೆಯದು ಕನ್ಸ್ಯೂಮಬಲ್ಸ್, ಅಂದರೆ ಬಳಸಿ ಮುಗಿಸುವ ಸಾಮಾನು. ಪಿಪೆಟ್ಟಿನ (ದ್ರವವನ್ನು ಅಳೆದು ಎತ್ತಿ ಹಾಕುವ ಸಾಧನದ) ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಟಿಪ್, ಟ್ಯೂಬ್, ಗ್ಲೌಸ್, ಪೆಟ್ರಿ ತಟ್ಟೆ, ಇಂಥವು. 'ಉಪಭೋಗ್ಯ ವಸ್ತು' ಅಂತ ಒಬ್ಬರು ಸೂಚಿಸಿದರು. ನನ್ನ ಕಿವಿಗೆ ಅದು ಸುಖಭೋಗದ ಮಾತು. 'ಖರ್ಚಿನ ಸಾಮಾನು' ಅಂದರೆ ಎಲ್ಲರಿಗೂ ತಿಳಿಯುತ್ತದೆ, ಅಲ್ವಾ? ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ಮೂರನೆಯದು. ಒಂದು ದ್ರಾವಣಕ್ಕೆ ತಾಕಿದ ಟಿಪ್ ಇನ್ನೊಂದು ಬಾಟಲಿಗೆ ಇಳಿಯಬಾರದು. ಇಳಿದರೆ ಆ ಬಾಟಲಿ ಏನಾಯಿತು ಅನ್ನಬೇಕು? 'ಕಲುಷಿತ' ಅಂದರೆ ಕೊಳಕು ನದಿ ಕಣ್ಣಿಗೆ ಬರುತ್ತದೆ. 'ಕಲಬೆರಕೆ' ಅಂದರೆ ಯಾರೋ ಬೇಕಂತಲೇ ಹಾಲಿಗೆ ನೀರು ಸುರಿದ ಹಾಗೆ. ಇಲ್ಲಿ ಎರಡೂ ಅಲ್ಲ. ನೋಡಲು ಎಲ್ಲ ತಿಳಿಯಾಗಿಯೇ ಇರುತ್ತದೆ.

ಮೊನ್ನೆ ಒಬ್ಬ ವಿದ್ಯಾರ್ಥಿ ಬಳಸಿದ ಹಳದಿ ಟಿಪ್ಪನ್ನೇ ಮತ್ತೆ ಬಫರ್ ದ್ರಾವಣದ ಬಾಟಲಿಯ ಬಾಯಿಯ ತನಕ ಒಯ್ದ. ಪಕ್ಕದಲ್ಲೇ ಟ್ಯೂಬ್ ಜೋಡಿಸುತ್ತಿದ್ದ ಅದೇ ಸಹಾಯಕಿ, 'ಅದು ಎಂಜಲಾಗಿದೆ ಕಣಪ್ಪಾ, ಬೇರೆ ಹಾಕ್ಕೋ' ಅಂದರು. ಹುಡುಗನ ಕೈ ಅಲ್ಲೇ ನಿಂತಿತು. ನಾನು ಎರಡು ವಾರ ಪಾಠ ಮಾಡಿದ್ದು ಒಂದೇ ಮಾತಲ್ಲಿ ಮುಗಿಯಿತು.

ಯೋಚಿಸಿದಷ್ಟೂ ಆ ಪದ ಹೊಂದುತ್ತದೆ. ಒಂದು ಗುಟುಕು ಕುಡಿದ ಲೋಟ ನೋಡಲು ಹಾಗೇ ಇರುತ್ತದೆ, ಆದರೂ ಎಂಜಲು. ರುಚಿ ನೋಡಿದ ಸೌಟು ಮತ್ತೆ ಸಾರಿಗೆ ಬಿದ್ದರೆ ಪಾತ್ರೆಯೆಲ್ಲ ಎಂಜಲು. ಪಿಸಿಆರ್‌ನಲ್ಲಿ ಇದು ಅಕ್ಷರಶಃ ನಿಜ. ಪಿಸಿಆರ್ ಅಂದರೆ ಡಿಎನ್‌ಎಯ ನಕಲುಗಳನ್ನು ಸುತ್ತು ಸುತ್ತಾಗಿ ಹೆಚ್ಚಿಸುವ ವಿಧಾನ. ಪ್ರತಿ ಸುತ್ತಿಗೂ ಡಿಎನ್‌ಎ ಎರಡರಷ್ಟಾಗುತ್ತಾ ಹೋದರೆ, ಒಂದೇ ಒಂದು ಎಳೆ ತಪ್ಪಿ ಸೇರಿದ್ದರೂ 30 ಸುತ್ತು ಮುಗಿಯುವಾಗ 100 ಕೋಟಿ ದಾಟುತ್ತದೆ.

ಸ್ಟೆರೈಲ್ ಅನ್ನುವುದಕ್ಕೆ 'ಮಡಿ' ಅನ್ನಿ ಅಂದವರೂ ಇದ್ದಾರೆ. ಅದನ್ನು ನಾನು ಬರೆಯಲಾರೆ. ಮಡಿ-ಮೈಲಿಗೆ ಮನುಷ್ಯರನ್ನೇ ದೂರ ನಿಲ್ಲಿಸಿದ ಮಾತು. ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಯಂತ್ರದಲ್ಲಿ) 121 ಡಿಗ್ರಿಗೆ ಬೇಯಿಸಿದ್ದಕ್ಕೆ 'ಸೂಕ್ಷ್ಮಜೀವಿ ಇಲ್ಲದ್ದು' ಅಂದರೆ ಸಾಕು.

ಅಲ್ಲಿಗೆ ನನ್ನ ಅನುಮಾನ ಶುರುವಾಯಿತು. ಎಂಜಲಿಗೂ ಅಂಥದ್ದೇ ನೆರಳಿದೆಯಾ? 'ಎಂಜಲು ಕಾಸು' ಅನ್ನುವಾಗ ಅದು ಬೈಗುಳವೇ. ಎಂಜಲೆಲೆ ಎತ್ತುವ ಕೆಲಸ ಯಾರ ಪಾಲಿಗೆ ಬಂದಿತ್ತು ಅನ್ನುವುದೂ ನಮಗೆ ಗೊತ್ತಿದೆ. ಆದರೆ ಅಮ್ಮ ಮಗುವಿಗೆ 'ಎಂಜಲು ಕೈ ಹಾಕಬೇಡ' ಅನ್ನುವಾಗ ಅದರಲ್ಲಿ ಯಾವ ಕಹಿಯೂ ಇಲ್ಲ.

ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಈ ಪದ ಹೇಗೆ ಕೇಳಿಸುತ್ತದೆ? ಕೈಪಿಡಿಯಲ್ಲಿ 'ಟಿಪ್ ಎಂಜಲಾದರೆ ಬದಲಿಸಿ' ಅಂತ ಅಚ್ಚಾದರೆ ಯಾರಿಗಾದರೂ ನೋವಾದೀತೇ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಇದಕ್ಕೆ ಬೇರೆ ಮಾತು ಬಳಸುತ್ತೀರಾದರೆ ಅದನ್ನೂ ದಯವಿಟ್ಟು ತಿಳಿಸಿ.