ಮನೇಲಿ ಕೂತು ನೋಡೋಕೆ ನಿಮ್ಮಿಷ್ಟದ ಐತಿಹಾಸಿಕ, ಪೌರಾಣಿಕ ಸಿನಿಮಾ ಯಾವುದು?

ಫಿಲ್ಟರ್‌ಕಾಫಿ: ಭಾನುವಾರ ಅಪ್ಪ ಊರಿಂದ ಬಂದಿದ್ದರು ಅಂತ ಟಿವಿಯಲ್ಲಿ 'ಮಯೂರ' ಹಾಕಿದೆ. 1975ರ ಸಿನಿಮಾ, ಆದರೂ ನನ್ನ ಹತ್ತು ವರ್ಷದ ಮಗಳು ಮೊಬೈಲ್ ಮುಟ್ಟದೆ ಪೂರ್ತಿ ನೋಡಿದಳು! ಅದರಲ್ಲಿ ಮಯೂರನ ವೈರಿಗಳಾದ ಪಲ್ಲವರ ಮೇಲೆ ಅವಳಿಗೆ ಇನ್ನೂ ಸಿಟ್ಟು ಇಳಿದಿಲ್ಲ. ಇಂಥದ್ದೇ ಇನ್ಯಾವುದಿದೆ, ಹೇಳಿ.

ಹಳೇರೀಲು: 'ಬಬ್ರುವಾಹನ' ಬಿಟ್ಟರೆ ಬೇರೆ ಮಾತೇ ಇಲ್ಲ. 1977ರದ್ದು. ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಗಳ ಆಡುತ್ತಾರಲ್ಲ, ಆ ಹೊತ್ತಿಗೆ ನಮ್ಮನೆಯಲ್ಲಿ ಯಾರೂ ನೀರು ಕುಡಿಯೋಕೂ ಏಳುವ ಹಾಗಿಲ್ಲ, ಎದ್ದರೆ ನಮ್ಮಮ್ಮ ಬೈತಾರೆ. ಯುದ್ಧದ ಟ್ರಿಕ್ಕುಗಳು ಈಗ ನಗು ತರಿಸುತ್ತವೆ, ಇರಲಿ ಬಿಡಿ.

ತುಂಗಾತೀರ: ನಾನು ಒಪ್ಪಲ್ಲ ಸಾರ್. ನನಗೆ 'ಶ್ರೀ ಕೃಷ್ಣದೇವರಾಯ'ನೇ ಮೇಲು. 1970ರಲ್ಲೇ ಬಣ್ಣದಲ್ಲಿ ತೆಗೆದದ್ದು. ನಿರ್ದೇಶನ ಬಿ.ಆರ್. ಪಂತುಲು, ರಾಯರ ಮಹಾಮಂತ್ರಿ ತಿಮ್ಮರಸು ಆಗಿ ನಟಿಸಿದ್ದೂ ಅವರೇ. ಸುಮ್ನೆ ಕತ್ತಿ ಬೀಸಾಟ ಅಲ್ಲ. ರಾಯರು 'ಅಪ್ಪಾಜಿ' ಅಂತ ಕರೆಯುತ್ತಿದ್ದ ಆ ತಿಮ್ಮರಸು ಮೇಲೇ ಅನುಮಾನ ಪಡೋ ಕಥೆ. ನನಗೆ ಪ್ರತಿ ಸಲ ಕಣ್ಣು ಒದ್ದೆ. ಸ್ವಲ್ಪ ಉದ್ದ ಜಾಸ್ತಿ, ಎರಡು ದಿನ ಮಾಡಿಕೊಂಡು ನೋಡಿ.

ಫಿಲ್ಟರ್‌ಕಾಫಿ: ಮಗಳಿಗೆ ಅಳು ಸಿನಿಮಾ ಆಗಲ್ಲ!

ಹಳೇರೀಲು: ಹಾಗಾದರೆ 'ಭಕ್ತ ಪ್ರಹ್ಲಾದ' ಹಾಕಿ. 1983. ಪ್ರಹ್ಲಾದ ಆಗಿರೋದು ಪುಟ್ಟ ಪುನೀತ್, ಎದುರಿಗೆ ಹಿರಣ್ಯಕಶಿಪುವಾಗಿ ಅವರಪ್ಪನೇ. ಕಂಬ ಒಡೆಯುವಾಗ ವಾಲ್ಯೂಮ್ ಮಾತ್ರ ಕಮ್ಮಿ ಮಾಡಿ, ನಮ್ಮ ಪಕ್ಕದ ಮನೆಯವರು ಒಮ್ಮೆ ಓಡಿ ಬಂದಿದ್ದರು.