ಪ್ರಿಂಟ್ ತೆಗೆದರೆ ಅಮ್ಮನ ನರೆಗೂದಲು ನೇರಳೆ, ಮುಖ ಕೆಂಪು: ಏನು ಮಾಡಲಿ?

ಡೊಂಬಿವಲಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಅಮ್ಮನಿಗೆ 70 ತುಂಬುತ್ತದೆ. ಅವತ್ತು ಹಾಲ್‌ನಲ್ಲಿ ತೂಗುಹಾಕಲು ಅವರ 12 ಫೋಟೋಗಳನ್ನು ನಾನೇ ಪ್ರಿಂಟ್ ಮಾಡಬೇಕು ಅಂತ ಆಸೆ. ಮನೆಯಲ್ಲಿ ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ಇದೆ. ಇಂಕ್ ಅದೇ ಕಂಪನಿಯದ್ದು. ಪೇಪರ್ ಮುಂಬೈನ ಬೋರಾ ಬಜಾರ್‌ನಿಂದ ತಂದ 180 ಜಿಎಸ್‌ಎಂ (ಚದರ ಮೀಟರ್‌ಗೆ ಇಷ್ಟು ಗ್ರಾಂ) ಗ್ಲಾಸಿ, ಅಂದರೆ ಹೊಳಪಿನದ್ದು. ಫೋಟೋಶಾಪ್‌ನಿಂದ ಪ್ರಿಂಟ್ ಕೊಡುತ್ತೇನೆ.

ಸ್ಕ್ರೀನ್ ಮೇಲೆ ಎಲ್ಲ ಚೆನ್ನಾಗಿದೆ. ಕಾಗದಕ್ಕೆ ಬಂದರೆ ಅಮ್ಮನ ನರೆಗೂದಲು ನೇರಳೆ. ಮುಖ ಜ್ವರ ಬಂದವರ ಹಾಗೆ ಕೆಂಪು. ಮುಡಿದ ಮಲ್ಲಿಗೆಯೂ ನಸುಗೆಂಪು. ಕಡುಹಸಿರು ಇಳಕಲ್ ಸೀರೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿದೆ. ಒಟ್ಟಾರೆ ಪ್ರಿಂಟ್ ಮಂಕು, ಕಪ್ಪು. ಫೋಟೋದಲ್ಲಿ ಕೆಂಪು ಕಡಿಮೆ ಮಾಡಿ ನೋಡಿದೆ, ಆಗ ಸೀರೆಯ ಬಣ್ಣ ಕೆಟ್ಟಿತು. ನಾಜಲ್ ಚೆಕ್ (ಇಂಕ್ ಬರುವ ಸಣ್ಣ ತೂತುಗಳು ಕಟ್ಟಿವೆಯೇ ಅಂತ ನೋಡುವ ಗೆರೆಗಳ ಹಾಳೆ) ಸರಿ ಇದೆ. ಇಷ್ಟರಲ್ಲೇ 9 ಹಾಳೆ ಹೋಯಿತು.

ಪುಣೆಯಿಂದ ಉತ್ತರ

ಮೊದಲು ಫೋಟೋ ತಿದ್ದುವುದನ್ನು ನಿಲ್ಲಿಸಿ. ಕೆಂಪಿಗೆ ಕಾರಣ ಫೋಟೋ ಅಲ್ಲ.

ನೀವು ಬರೆದದ್ದರಲ್ಲೇ ಸುಳಿವಿದೆ. ಕಡುಬಣ್ಣದ ಸೀರೆ ಸರಿ, ತಿಳಿಬಣ್ಣದ ಕೂದಲು, ಮಲ್ಲಿಗೆ ತಪ್ಪು. ಆರು ಬಣ್ಣದ ಪ್ರಿಂಟರ್‌ನಲ್ಲಿ ಮಾಮೂಲಿ ನಾಲ್ಕರ ಜೊತೆಗೆ ಸಾಮಾನ್ಯವಾಗಿ ತಿಳಿ ಸಯಾನ್ (ಹಸಿರು ಬೆರೆತ ನೀಲಿ), ತಿಳಿ ಮಜೆಂಟಾ (ನೇರಳೆ ಬೆರೆತ ಕೆಂಪು) ಇರುತ್ತವೆ. ಮೈಬಣ್ಣ, ನರೆಗೂದಲು, ಬಿಳಿ ಹೂವಿನ ನೆರಳು ಇವುಗಳಲ್ಲಿ ಜಾಸ್ತಿ ಕೆಲಸ ಈ ಎರಡರದ್ದೇ. ತಿಳಿ ಸಯಾನ್ ಸ್ವಲ್ಪ ಕಟ್ಟಿಕೊಂಡರೂ ಮಜೆಂಟಾ ಮೇಲುಗೈ ಆಗಿ ತಿಳಿಬಣ್ಣಗಳೆಲ್ಲ ಕೆಂಪಿಗೆ ವಾಲುತ್ತವೆ. ಕಡುಬಣ್ಣದಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ.

ನಾಜಲ್ ಚೆಕ್ ಹಾಳೆಯನ್ನು ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ನೋಡಿದಿರಾ? ನಾಳೆ ಬೆಳಿಗ್ಗೆ ಹೊಸದೊಂದು ತೆಗೆದು ಕಿಟಕಿ ಹತ್ತಿರ ಹಿಡಿಯಿರಿ. ಹಳದಿ ಗೆರೆ, ತಿಳಿಬಣ್ಣದ ಗೆರೆ ಬಿಳಿ ಕಾಗದದ ಮೇಲೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಗೆರೆ ತುಂಡಾಗಿದ್ದರೆ ಹೆಡ್ ಕ್ಲೀನಿಂಗ್ (ಪ್ರಿಂಟರ್ ತಾನೇ ಆ ತೂತುಗಳನ್ನು ತೊಳೆಯುವುದು) ಮಾಡಿ, ಆದರೆ ಒಂದರ ಹಿಂದೆ ಒಂದು ಎರಡಕ್ಕಿಂತ ಹೆಚ್ಚು ಬೇಡ. ಇಂಕ್ ಸುಮ್ನೆ ಪ್ರಿಂಟರ್ ಒಳಗಿನ ವೇಸ್ಟ್ ಪ್ಯಾಡ್‌ಗೆ ಹೋಗುತ್ತದೆ. ಒಂದು ರಾತ್ರಿ ಹಾಗೇ ಬಿಡಿ. ಒಣಗಿದ ಇಂಕ್ ಎಷ್ಟೋ ಸಲ ನೆನೆದು ಬಿಟ್ಟುಕೊಳ್ಳುತ್ತದೆ.

ಆಮೇಲೂ ಫೋಟೋ ಬೇಡ, ಬೂದು ಪಟ್ಟಿ ಪ್ರಿಂಟ್ ಮಾಡಿ. ಹೊಸ ಫೈಲ್‌ನಲ್ಲಿ ನಾಲ್ಕು ಚೌಕ ಮಾಡಿ. ಆರ್, ಜಿ, ಬಿ (ಕೆಂಪು, ಹಸಿರು, ನೀಲಿ) ಮೂರಕ್ಕೂ ಒಂದೇ ಅಂಕಿ ಕೊಡಿ: ಮೊದಲ ಚೌಕಕ್ಕೆ 50, ಆಮೇಲೆ 100, 150, 200. ಮುಖದ ಬಣ್ಣ ನೋಡಿ ಇದು ಸರಿಯೋ ತಪ್ಪೋ ಅಂತ ಗಂಟೆಗಟ್ಟಲೆ ಯೋಚಿಸಬಹುದು. ಬೂದು ಹಾಗಲ್ಲ. ಚೂರು ಕೆಂಪು ಸೇರಿದರೂ ಕಣ್ಣು ಹಿಡಿದುಬಿಡುತ್ತದೆ.

ಡೊಂಬಿವಲಿ

ತಿಳಿ ಸಯಾನ್‌ನಲ್ಲಿ ನಾಲ್ಕು ಕಡೆ ಗೆರೆಯೇ ಇಲ್ಲ! ಬೆಳಗಿನ ಬೆಳಕಲ್ಲಿ ಹಿಡಿದಾಗಲೇ ಕಂಡಿದ್ದು. ಎರಡು ಕ್ಲೀನಿಂಗ್, ಒಂದು ರಾತ್ರಿ ವಿಶ್ರಾಂತಿ, ಈಗ ಗೆರೆ ಪೂರ್ತಿ ಬರುತ್ತಿದೆ. ಕೂದಲಿನ ನೇರಳೆ ಹೋಯಿತು. ಆದರೆ ಮುಖ ಇನ್ನೂ ಕೆಂಪೇ. ಬೂದು ಪಟ್ಟಿಯ ನಾಲ್ಕೂ ಚೌಕಗಳಲ್ಲಿ ಕೆಂಪು ಛಾಯೆ ಇದೆ.

ಪುಣೆ

ನಾಲ್ಕರಲ್ಲೂ ಇದೆ ಅಂದರೆ ಫೋಟೋಶಾಪ್, ಪ್ರಿಂಟರ್ ಎರಡೂ ಸೇರಿ ಬಣ್ಣ ತಿದ್ದುತ್ತಿರಬೇಕು. ಪ್ರಿಂಟ್ ಕೊಡುವಾಗ ‘ಫೋಟೋಶಾಪ್ ಮ್ಯಾನೇಜಸ್ ಕಲರ್ಸ್’ ಅಂತ ಇದೆಯಾ ನೋಡಿ. ಇದ್ದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್‌ನ ಬಣ್ಣ ತಿದ್ದುವಿಕೆ ಆಫ್ ಇರಲೇಬೇಕು. ಎರಡೂ ಆನ್ ಇದ್ದರೆ ಒಂದೇ ಸಾರಿನ ಪಾತ್ರೆಗೆ ಮನೆಯ ಇಬ್ಬರೂ ಉಪ್ಪು ಹಾಕಿದ ಹಾಗೆ. ಹೀಗಾದಾಗ ಪ್ರಿಂಟ್ ಕೆಂಪಾಗಿ, ಕಪ್ಪಾಗಿ ಬರುವುದು ತುಂಬ ಸಾಮಾನ್ಯ.

ಫೋಟೋಶಾಪ್‌ಗೆ ಕೆಲಸ ಕೊಡಬೇಕಾದರೆ ಐಸಿಸಿ ಪ್ರೊಫೈಲ್ (ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್) ಬೇಕು. ಅದನ್ನು ಮಾಡುವುದು ಆ ಪ್ರಿಂಟರ್, ಆ ಇಂಕ್, ಆ ಪೇಪರ್ ಮೂರರ ಜೋಡಿಗೆ. ನಿಮ್ಮ ಪೇಪರ್ ಪೊಟ್ಟಣದ ಜೊತೆ ಅದು ಬಂದಿರಲಿಕ್ಕಿಲ್ಲ ಅಲ್ವಾ? ಹಾಗಾಗಿ ‘ಪ್ರಿಂಟರ್ ಮ್ಯಾನೇಜಸ್ ಕಲರ್ಸ್’ ಆರಿಸಿ, ಡ್ರೈವರ್‌ಗೇ ಬಿಡಿ. ಡ್ರೈವರ್‌ನಲ್ಲಿ ಪೇಪರ್ ಯಾವುದು ಅಂತ ಹೇಳುವುದನ್ನು ಮರೆಯಬೇಡಿ. ಎಷ್ಟು ಇಂಕ್ ಬೀಳಬೇಕು ಅನ್ನುವುದು ಅದರಿಂದಲೇ ತೀರ್ಮಾನ ಆಗುತ್ತದೆ. ಅದೇ ಪೇಪರ್ ಮೇಲೆ ಗ್ಲಾಸಿ, ಸೆಮಿ ಗ್ಲಾಸ್ (ಅರೆ ಹೊಳಪು) ಎರಡೂ ಸೆಟ್ಟಿಂಗ್ ಇಟ್ಟು ಬೂದು ಪಟ್ಟಿ ತೆಗೆದು ಯಾವುದು ಹತ್ತಿರವೋ ಅದನ್ನು ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಾಯಿಸಿ. ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಇದಾದ ಮೇಲೂ ಕಪ್ಪು ಅನಿಸಿದರೆ ಮಾನಿಟರ್ ನೋಡಿ. ಬೆಳಕು ಅಳೆಯುವ ಉಪಕರಣ ಇರುವವರು ಮಾನಿಟರ್ ಬೆಳಕನ್ನು ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾದಲ್ಲಿ ಇಡುತ್ತಾರೆ. ಹೊಸದಾಗಿ ತಂದಾಗ ಸಾಮಾನ್ಯವಾಗಿ ಇದಕ್ಕಿಂತ ತುಂಬ ಜಾಸ್ತಿ ಇರುತ್ತದೆ. ಉಪಕರಣ ಇಲ್ಲದಿದ್ದರೆ ಪರವಾಗಿಲ್ಲ. ಸ್ಕ್ರೀನ್ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ಕಿಟಕಿ ಬೆಳಕು ಬೀಳುವ ಹಾಗೆ ಬಿಳಿ ಹಾಳೆ ಹಿಡಿಯಿರಿ. ಎರಡೂ ಒಂದೇ ಥರ ಕಾಣುವ ತನಕ ಬ್ರೈಟ್‌ನೆಸ್ ಇಳಿಸಿ. ಫೋಟೋ ಎಷ್ಟು ಕಪ್ಪಿದೆ ಅನ್ನುವುದು ಆಗ ಸ್ಕ್ರೀನ್ ಮೇಲೇ ಕಾಣುತ್ತದೆ.

ಮಡಗಾಂವ್‌ನಿಂದ

ಮಳೆಗಾಲದ ಬಗ್ಗೆ ಒಂದು ಮಾತು. ನಮ್ಮ ಕಡೆ ಗಾಳಿಯಲ್ಲೇ ನೀರು. ಪ್ರಿಂಟ್ ಹೊರಗೆ ಬಂದ ಕೂಡಲೇ ಬಣ್ಣದ ತೀರ್ಮಾನ ಮಾಡಬೇಡಿ. ಒಂದರ ಮೇಲೊಂದು ಪೇರಿಸದೆ ಒಂದು ದಿನ ಒಣಗಲು ಬಿಡಿ. ಬಣ್ಣ ಸ್ವಲ್ಪ ಬದಲಾಗಿ ನಿಲ್ಲುತ್ತದೆ. ಫ್ರೇಮ್‌ನ ಗಾಜು ಹಾಕುವುದೂ ಆಮೇಲೆಯೇ. ಬಿಚ್ಚಿದ ಪೇಪರ್ ಪೊಟ್ಟಣ ಜಿಪ್ ಕವರ್‌ನಲ್ಲಿರಲಿ. ಇನ್ನೊಂದು, ಫೋಟೋ ತೂಗುಹಾಕುವ ಹಾಲ್‌ನಲ್ಲಿ ಹಳದಿ ಬಲ್ಬ್ ಇದ್ದರೆ ಅದರ ಕೆಳಗೂ ಹಿಡಿದು ನೋಡಿ. ಕಿಟಕಿ ಹತ್ತಿರ ಕಂಡ ಬಣ್ಣ ಅಲ್ಲಿ ಕಾಣುವುದಿಲ್ಲ.

ಡೊಂಬಿವಲಿ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಎರಡೂ ಕಡೆ ಆನ್ ಇತ್ತು. ಫೋಟೋಶಾಪ್‌ನದ್ದು ತೆಗೆದೆ. ಸೆಮಿ ಗ್ಲಾಸ್ ಇಟ್ಟಾಗ ಬೂದು ಬೂದಾಗಿಯೇ ಬಂತು, ಗ್ಲಾಸಿ ಇಟ್ಟಾಗ ಚೂರು ನೀಲಿ. ಮಾನಿಟರ್ ಬ್ರೈಟ್‌ನೆಸ್ 100ರಲ್ಲಿತ್ತು, ಈಗ 35. ಆ ಬೆಳಕಿನಲ್ಲಿ ಫೋಟೋ ನಿಜಕ್ಕೂ ಕಪ್ಪಾಗಿ ಕಂಡಿತು. ಸ್ವಲ್ಪ ತಿಳಿ ಮಾಡಿ ಪ್ರಿಂಟ್ ಕೊಟ್ಟೆ.

ನಿನ್ನೆ ತೆಗೆದದ್ದು ಒಣಗಿದೆ. ಕಿವಿಯ ಹಿಂದೆ ಬಿಳಿ ಕೂದಲು ಎಳೆ ಎಳೆಯಾಗಿ ಕಾಣುತ್ತದೆ. ಮಲ್ಲಿಗೆ ಮಲ್ಲಿಗೆಯ ಹಾಗೇ ಇದೆ. ಉಳಿದ 11 ಫೋಟೋಗಳನ್ನು ಇವತ್ತು ರಾತ್ರಿ ತೆಗೆಯುತ್ತೇನೆ.