ಗೋಡೆ ಮೇಲೆಲ್ಲ ಉಣ್ಣೆ ಹತ್ತುತ್ತಿವೆ, ಏನು ಮಾಡಲಿ? ನಿಮ್ಮ ಅನುಭವ ಹೇಳಿ

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಾವು ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ಆರು ತಿಂಗಳ ಹಿಂದೆ ಬೀದಿಯಲ್ಲಿ ಸಿಕ್ಕ ನಾಯಿಮರಿಯೊಂದನ್ನು ತಂದು ಸಾಕಿಕೊಂಡೆವು. ಈಗ ಮನೆ ತುಂಬ ಉಣ್ಣೆ. ನಾಯಿ ಮೈಮೇಲೆ ಮಾತ್ರ ಅಲ್ಲ, ಗೋಡೆ ಮೇಲೆ, ಕರ್ಟನ್ ಹಿಂದೆ, ನಿನ್ನೆ ಮಗುವಿನ ಹಾಸಿಗೆ ಮೇಲೂ ಒಂದು ಸಿಕ್ಕಿತು. ಮಗುವಿಗೆ ಹತ್ತು ತಿಂಗಳು. ಅಂಬೆಗಾಲಿಡುತ್ತಾಳೆ, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಅದಕ್ಕೇ ಔಷಧಿ ಹೊಡೆಸೋಕೂ ಭಯ. ನಾಯಿಗೆ ಮೂರು ಸಲ ಉಣ್ಣೆ ಶಾಂಪೂ ಹಾಕಿ ಸ್ನಾನ ಮಾಡಿಸಿದ್ದಾಯ್ತು. ಎರಡು ದಿನ ಕಾಣಲ್ಲ, ಮತ್ತೆ ಶುರು. ನಾಯಿಯನ್ನು ಎಲ್ಲಾದರೂ ಬಿಟ್ಟು ಬಾ ಅಂತ ಅತ್ತೆ ಹೇಳುತ್ತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ದಾರಿ ಹೇಳಿ.

ಉತ್ತರ, ಬೆಂಗಳೂರಿನಿಂದ

ತಂಗೀ, ನಾಯಿಯನ್ನು ಬಿಟ್ಟು ಬರಬೇಡ. ಅದರ ಮೇಲಿನ ಪ್ರೀತಿಗೆ ಮಾತ್ರ ಹೇಳುತ್ತಿಲ್ಲ. ನಾಯಿ ಹೋದರೂ ಉಣ್ಣೆ ಹೋಗಲ್ಲ. ಈಗ ನಾಯಿ ಇರೋದರಿಂದ ಅವು ನಾಯಿಯನ್ನೇ ಹುಡುಕಿಕೊಂಡು ಹೋಗುತ್ತಿವೆ. ನಾಯಿ ಇಲ್ಲದಿದ್ದರೆ, ಹಸಿದವು ಮನುಷ್ಯರನ್ನೂ ಕಚ್ಚುತ್ತವೆ. ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ನಾಯಿಯನ್ನು ಊರಿಗೆ ಕಳಿಸಿ ಇದನ್ನೇ ಅನುಭವಿಸಿದರು.

ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಕಥೆ. ಶಾಂಪೂ, ಪೌಡರ್ ಅಂತ ಎರಡು ತಿಂಗಳು ಒದ್ದಾಡಿದೆವು. ಒಂದು ದಿನ ಒಗೆಯೋಕೆ ಅಂತ ಕರ್ಟನ್ ತೆಗೆದು, ರಾಡ್ ಹಿಡಿದಿರುವ ಕ್ಲ್ಯಾಂಪನ್ನೂ ಬಿಚ್ಚಿದೆ. ಅದರ ಹಿಂದೆ ಗಸಗಸೆ ಮೆತ್ತಿದ ಹಾಗೆ ಕಂದು ಬಣ್ಣದ ಒಂದು ಪುಟ್ಟ ಗುಪ್ಪೆ. ಪಕ್ಕದಲ್ಲೇ ಸುಕ್ಕುಗಟ್ಟಿ ಸತ್ತ ಒಂದು ಉಣ್ಣೆ. ಫೋಟೋ ತೆಗೆದು ನಾಯಿ ಡಾಕ್ಟರಿಗೆ ತೋರಿಸಿದೆ. ಮೊಟ್ಟೆ ಅಂದರು. ರಕ್ತ ಕುಡಿದು ಹರಳು ಬೀಜದ ಹಾಗೆ ಊದಿಕೊಂಡಿರುತ್ತಲ್ಲ, ಅದು ಹೆಣ್ಣು. ಒಂದೊಂದು ಹೆಣ್ಣು 4,000 ಮೊಟ್ಟೆವರೆಗೂ ಇಟ್ಟು ಅಲ್ಲೇ ಸಾಯುತ್ತದೆ. ಎರಡರಿಂದ ಐದು ವಾರದಲ್ಲಿ ಮರಿ ಹೊರಗೆ. ಮರಿಗೆ ಆರೇ ಕಾಲು, ಎಳ್ಳಿಗಿಂತ ಸಣ್ಣದು. ಅದು ನಾಯಿಗೆ ಹತ್ತಿ ರಕ್ತ ಕುಡಿದು ಬೀಳುತ್ತದೆ, ಸಂದಿಗೆ ಹೋಗಿ ಪೊರೆ ಕಳಚಿ ಎಂಟು ಕಾಲಾಗಿ ಬರುತ್ತದೆ. ಮತ್ತೆ ಕುಡಿದು ಬಿದ್ದು, ಬೆಳೆದು, ಮೂರನೇ ಸಲ ಬರುತ್ತದೆ. ಮೂರು ಸಲವೂ ಬೀಳೋದು ಮನೆಯೊಳಗೇ. ನಡುವೆ ಊಟ ಸಿಗದಿದ್ದರೂ ಮೂರರಿಂದ ಐದು ತಿಂಗಳು ಜೀವ ಹಿಡಿದುಕೊಂಡು ಕಾಯುತ್ತದೆ.

ಈಗ ಗೊತ್ತಾಯಿತಲ್ವಾ, ಶಾಂಪೂ ಯಾಕೆ ಸಾಲಲಿಲ್ಲ ಅಂತ? ಅವತ್ತು ನಾಯಿ ಮೈಮೇಲೆ ಇದ್ದವು ಸತ್ತವು. ಸಂದಿಯಲ್ಲಿ ಇದ್ದವು ಹಾಗೇ ಉಳಿದವು.

ನಮಗೆ ಕೈಹಿಡಿದದ್ದು ಡಾಕ್ಟರ್ ಕೊಟ್ಟ ಮಾತ್ರೆ. ತಿಂಗಳಿಗೊಂದು ಕೊಡುವುದೂ ಇದೆ, 12 ವಾರ ಕೆಲಸ ಮಾಡುವುದೂ ಇದೆ. ಬೆಲೆ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಮಗು ಇರುವ ಮನೆಗೆ ಇದೇ ಒಳ್ಳೇದು. ಯಾಕೆ ಅಂದರೆ ಔಷಧಿ ನಾಯಿಯ ರಕ್ತದಲ್ಲಿ ಇರುತ್ತದೆ, ಮೈಮೇಲೆ ಏನೂ ಹಚ್ಚಿರಲ್ಲ. ಮಗು ನಾಯಿಯನ್ನು ತಬ್ಬಿಕೊಂಡರೂ ಕೈಗೆ ಅಂಟಲ್ಲ. ಮನೆಯಲ್ಲಿ ಹಸಿದಿರುವ ಉಣ್ಣೆಗಳು ತಾವಾಗಿ ನಾಯಿ ಹತ್ತಿರ ಬರುತ್ತವೆ, ಕಚ್ಚುತ್ತವೆ, ಸಾಯುತ್ತವೆ. ಅಂದರೆ ಮನೆ ಶುದ್ಧ ಮಾಡುವ ಅರ್ಧ ಕೆಲಸ ನಾಯಿಯೇ ಮಾಡುತ್ತದೆ. ಇದನ್ನು ನಿಮ್ಮ ಅತ್ತೆಗೂ ಬಿಡಿಸಿ ಹೇಳು.

ಉಳಿದರ್ಧ ನಿನ್ನದು. ನೆಲ ಒರೆಸಿದರೆ ಸಾಕು ಅಂದುಕೊಳ್ಳಬೇಡ, ಇದು ಮೇಲಕ್ಕೆ ಹತ್ತುವ ಜಾತಿ. ಕಿಟಕಿ ಚೌಕಟ್ಟು, ಬಾಗಿಲ ಮೂಲೆ, ಕ್ಯಾಲೆಂಡರ್ ಹಿಂದೆ, ಮಂಚದ ಕೀಲು, ಸೂರಿನ ಅಂಚು, ಎಲ್ಲ ಕಡೆ ಟಾರ್ಚ್ ಬಿಟ್ಟು ನೋಡು. ನಾನು ಅಗಲದ ಸೆಲೋ ಟೇಪನ್ನು ಅಂಟು ಹೊರಗೆ ಬರುವ ಹಾಗೆ ಬೆರಳಿಗೆ ಸುತ್ತಿಕೊಂಡು ಒಂದೊಂದನ್ನೇ ಒತ್ತಿ ತೆಗೆಯುತ್ತಿದ್ದೆ. ಸಣ್ಣ ಮರಿಗಳಿಗೆ ಇದರಷ್ಟು ಒಳ್ಳೇ ಉಪಾಯ ಇಲ್ಲ. ಟೇಪ್ ಮಡಚಿ ಕವರಿನಲ್ಲಿ ಕಟ್ಟಿ ಬಿಸಾಡಿದರೆ ಆಯ್ತು. ನಾಯಿಯ ಹಾಸು, ಕರ್ಟನ್, ಕಾಲೊರಸು ಕುದಿಯೋ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಆಮೇಲೆ ಬಿಸಿ ಇಸ್ತ್ರಿ ಹಾಕಿದೆವು. ಗೋಡೆ ಬಿರುಕಿಗೆಲ್ಲ ಪುಟ್ಟಿ ತುಂಬಿಸಿದೆವು. ಇದಕ್ಕೆ ಓನರ್ ಒಪ್ಪಿಗೆ ಕೇಳಿದಾಗ ಅವರೂ ಬೇಡ ಅನ್ನಲಿಲ್ಲ.

ಮನೆಗೆ ಔಷಧಿ ಹೊಡೆಸೋದಾದರೆ ಒಂದು ಸಲ ಹೊಡೆಸಿ ಸುಮ್ನೆ ಇರಬೇಡ. ಮೊಟ್ಟೆಗೆ ಅದು ಅಷ್ಟಾಗಿ ತಾಗಲ್ಲ. ಎರಡು ಮೂರು ವಾರ ಬಿಟ್ಟು ಮರಿ ಹೊರಗೆ ಬಂದ ಮೇಲೆ ಇನ್ನೊಂದು ಸಲ ಬೇಕು. ಹೊಡೆಯುವವರಿಗೆ ಮಗು ಇದೆ ಅಂತ ಮೊದಲೇ ಹೇಳಿ, ಸಂದಿಗಳಿಗೆ ಮಾತ್ರ ಹೊಡೆಸು. ಆ ದಿನ ಮಗುವನ್ನೂ ನಾಯಿಯನ್ನೂ ಕರೆದುಕೊಂಡು ತವರಿಗೆ ಹೋಗಿಬಿಡು. ಬಂದ ಮೇಲೆ ಕಿಟಕಿ ತೆರೆದಿಟ್ಟು, ನೆಲ ಚೆನ್ನಾಗಿ ಒರೆಸಿದ ಮೇಲೆಯೇ ಮಗುವನ್ನು ಕೆಳಗೆ ಬಿಡು. ಇರುವೆಗೆ ಎಳೆಯುವ ಚಾಕ್ ಮಾತ್ರ ಬೇಡವೇ ಬೇಡ. ಅದೂ ವಿಷವೇ, ಮಗುವಿನ ಕೈಗೆ ಸೀದಾ ಸಿಗುತ್ತದೆ.

ಉತ್ತರ, ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಂದ

ಮೇಲಿನವರು ಸರಿಯಾಗಿ ಹೇಳಿದ್ದಾರೆ. ನಾನು ಒಂದೆರಡು ಎಚ್ಚರಿಕೆ ಸೇರಿಸುತ್ತೇನೆ ಮೇಡಂ. ಮಾತ್ರೆಯನ್ನು ತೂಕ, ವಯಸ್ಸು ನೋಡಿ ಕೊಡಬೇಕು. ಹಾಗಾಗಿ ಪಕ್ಕದ ಮನೆ ನಾಯಿಗೆ ತಂದದ್ದರಲ್ಲಿ ಅರ್ಧ ಮುರಿದು ಕೊಡಬೇಡಿ. ನಾಯಿಗೆ ಮೊದಲು ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ದನಕ್ಕೆ ಹಚ್ಚುವ ಔಷಧಿಯನ್ನು ನಾಯಿಮರಿಗೆ ಹಚ್ಚಿ, ಅದು ನಡುಗುತ್ತಾ ಜೊಲ್ಲು ಸುರಿಸುತ್ತಾ ಇರುವಾಗ ಎತ್ತಿಕೊಂಡು ಓಡಿ ಬರುವವರನ್ನು ತಿಂಗಳಿಗೆ ಒಬ್ಬರನ್ನಾದರೂ ನೋಡುತ್ತೇನೆ. ಕಳೆದ ಬೇಸಿಗೆಯಲ್ಲಿ ಬಂದ ಮರಿಯೊಂದು ನನ್ನ ಕೈಯಲ್ಲೇ ಹೋಯಿತು. ಅಂಗಡಿಯವರು ಎಷ್ಟು ನೀರು ಬೆರೆಸಬೇಕು ಅಂತ ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರಂತೆ. ದಯವಿಟ್ಟು ಹಾಗೆ ಮಾಡಬೇಡಿ. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಹುಷಾರು. ಪರ್ಮೆತ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ಪ್ರಾಣಾಂತಿಕ.

ಇನ್ನೊಂದು ವಿಷಯ. ಇಷ್ಟು ದಿನ ಉಣ್ಣೆ ಕಚ್ಚಿದೆ ಅಂದರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಬಿಡಿ. ಉಣ್ಣೆ ಜ್ವರ ಅಂತ ನಾವು ಹೇಳುವುದು ಹೆಚ್ಚಾಗಿ ಎರ್ಲಿಕಿಯಾ, ಬಬೇಸಿಯಾ ಅನ್ನುವ ಎರಡು ಕಾಯಿಲೆಗಳಿಗೆ. ನಾಯಿ ಊಟ ಬಿಟ್ಟರೆ, ಮಂಕಾದರೆ, ಒಸಡು ಬೆಳ್ಳಗಾದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕೆಂಪಾದರೆ ನಾಳೆ ನೋಡೋಣ ಅನ್ನಬೇಡಿ. ಬೇಗ ಬಂದರೆ ಬಹಳಷ್ಟು ನಾಯಿಗಳು ಉಳಿಯುತ್ತವೆ.

ಉತ್ತರ, ಧಾರವಾಡದಿಂದ

ಅಕ್ಕಾರ, ನಾವು ಬೇವಿನೆಣ್ಣೆ ಹಚ್ಚಿ ನೋಡಿದ್ದೇವೆ. ಕೆಲವು ದೂರ ಇರುತ್ತವೆ, ಖರೆ. ಆದರೆ ಈಗಾಗಲೇ ಮನೆ ತುಂಬಿದ್ದರೆ ಅದನ್ನು ನಂಬಿಕೊಂಡು ಕೂರಬೇಡಿ. ಕಚ್ಚಿಕೊಂಡಿರುವ ಉಣ್ಣೆಗೆ ಸೀಮೆಎಣ್ಣೆ ಹಾಕುವುದು, ಊದುಬತ್ತಿ ತಾಗಿಸುವುದು ಕೂಡ ಬೇಡ. ತೆಳ್ಳನೆ ಮೂತಿಯ ಚಿಮುಟ ತಗೊಂಡು, ಹೊಟ್ಟೆ ಹಿಡಿಯದೆ, ಚರ್ಮಕ್ಕೆ ಅಂಟಿಸಿದ ಹಾಗೆ ಬಾಯಿಯ ಹತ್ತಿರ ಹಿಡಿದು, ನಿಧಾನಕ್ಕೆ ನೇರವಾಗಿ ಎಳೆಯಿರಿ. ತಿರುಚಬಾರದು. ತೆಗೆದದ್ದನ್ನು ಉಗುರಲ್ಲಿ ಕುಕ್ಕಬೇಡಿ, ಸೋಪಿನ ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಕಿವಿಯೊಳಗೆ, ಕಾಲ್ಬೆರಳ ಸಂದಿ, ಬೆಲ್ಟಿನ ಕೆಳಗೆ ನೋಡುವುದನ್ನು ಮರೆಯಬೇಡಿ. ನಮ್ಮ ನಾಯಿಗೆ ಯಾವಾಗಲೂ ಬೆರಳ ಸಂದಿಯಲ್ಲೇ ಸಿಗುತ್ತಿದ್ದವು.

ಉತ್ತರ, ಸಾಗರದ ಹತ್ತಿರದ ಹಳ್ಳಿಯಿಂದ

ನಮ್ಮ ಕಡೆ ಇದಕ್ಕೆ ಉಣುಗು ಅನ್ನುತ್ತೇವೆ. ಮೈಸೂರಿನವರು ಗಾಬರಿ ಆಗುವುದು ಬೇಡ, ನಿಮ್ಮ ಮನೆಯದು ನಾಯಿ ಉಣ್ಣೆ. ಮಂಗನ ಕಾಯಿಲೆ ಹರಡುವ ಕಾಡಿನ ಉಣುಗೇ ಬೇರೆ. ಆದರೂ ಇಲ್ಲಿ ಓದುವ ಮಲೆನಾಡಿನವರಿಗೆ ಎರಡು ಮಾತು ಹೇಳಲೇಬೇಕು. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಡಿಸೆಂಬರ್ ಬಂತು ಅಂದರೆ ನಮಗೆ ಎದೆ ಢವಢವ. ಮೇ ತಿಂಗಳವರೆಗೂ ಹಾಗೇ.

ನಮ್ಮ ಮನೆಗೆ ಉಣುಗು ಬರುತ್ತಿದ್ದದ್ದು ದರಕಿನ ಜೊತೆ. ಬೆಟ್ಟದಿಂದ ಒಣ ಎಲೆ ಗುಡಿಸಿ ತಂದು ಕೊಟ್ಟಿಗೆಗೆ ಹಾಸುವ ಪದ್ಧತಿ ಇದೆಯಲ್ಲ, ಆ ಎಲೆಯಲ್ಲೇ ಸಣ್ಣ ಮರಿಗಳು ಇರುತ್ತವೆ. ಅಮ್ಮ ದರಕಿನ ಹೊರೆ ಹೊತ್ತು ತಂದು ಇಳಿಸಿದ ದಿನ ರಾತ್ರಿ ಕುತ್ತಿಗೆ, ಸೊಂಟದ ಸುತ್ತ ತುರಿಕೆ. ಬೆಳಕಿಗೆ ಹಿಡಿದು ನೋಡಿದರೆ ಚುಕ್ಕಿಯಷ್ಟಿರುವ ಉಣುಗು. ಈಗ ಐದು ವರ್ಷದಿಂದ ಆ ತಿಂಗಳುಗಳಲ್ಲಿ ದರಕು ತರುವುದನ್ನೇ ಬಿಟ್ಟಿದ್ದೇವೆ, ಭತ್ತದ ಹುಲ್ಲು ಹಾಸುತ್ತೇವೆ. ಕಾಡಿಗೆ ಹೋಗಲೇಬೇಕಾದರೆ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ತುಂಬು ತೋಳಿನ ಬಟ್ಟೆ ಹಾಕಿ ಹೋಗುತ್ತೇವೆ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ನಾವು ಬಚ್ಚಲಿಗೆ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಅದರ ಮೈಯಿಂದ ಇಳಿದ ಉಣುಗು ಅಲ್ಲೇ ಇರುತ್ತವೆ. ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗಿ ಬಂದವರಿಗೆ ಒಂದು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಮುರಿಯುವ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಕೊಟ್ಟಿಗೆಯಲ್ಲಿ ನಾಲ್ಕು ಕೋಳಿ ಬಿಟ್ಟಿದ್ದೇವೆ. ಆರಿಸಿ ತಿನ್ನುತ್ತವೆ. ಪೂರ್ತಿ ಹೋಗಲ್ಲ, ಕಮ್ಮಿ ಆಗಿದೆ.

ಪ್ರಶ್ನೆ ಕೇಳಿದವರಿಂದ, ಮೂರು ತಿಂಗಳ ನಂತರ

ಎಲ್ಲರಿಗೂ ಋಣಿ. ಏನಾಯಿತು ಅಂತ ಹೇಳದೆ ಇರುವುದು ಸರಿಯಲ್ಲ ಅಂತ ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ ಇದೆ ಅಂತ ಬಂತು. ನಾಲ್ಕು ವಾರ ಔಷಧಿ ಕೊಟ್ಟೆವು, ಈಗ ಚೆನ್ನಾಗಿ ತಿನ್ನುತ್ತಿದೆ. ನೀವು ಹೇಳದಿದ್ದರೆ ಪರೀಕ್ಷೆ ಮಾಡಿಸುತ್ತಲೇ ಇರಲಿಲ್ಲ. 12 ವಾರದ ಮಾತ್ರೆ ಒಂದು ಆಯಿತು, ಎರಡನೆಯದು ಮೊನ್ನೆ ಕೊಟ್ಟೆವು.

ದಿನವೂ ಸಂಜೆ ಟಾರ್ಚ್ ಹಿಡಿದು ಹುಡುಕಿ, ಸಿಕ್ಕ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾ ಬಂದೆ. ಮೊದಲ ವಾರ 63. ಎರಡನೇ ವಾರ 20. ನಾಲ್ಕನೇ ವಾರ ಮತ್ತೆ 48 ಆದಾಗ ಅತ್ತುಬಿಟ್ಟೆ. ಮೊಟ್ಟೆ ಒಡೆದಿರಬೇಕು ಅಂತ ಬೆಂಗಳೂರಿನ ಅಕ್ಕ ಬರೆದದ್ದು ನೆನಪಾಗಿ, ಬಿಡದೆ ಟೇಪ್ ಹಿಡಿದೆ. ಆ ವಾರವೇ ಎರಡನೇ ಸಲ ಔಷಧಿಯನ್ನೂ ಹೊಡೆಸಿದೆವು. ಈಗ ಮೂರು ವಾರದಿಂದ ಒಂದೂ ಇಲ್ಲ.

ದೊಡ್ಡ ಮೂಲ ಸಿಕ್ಕಿದ್ದು ಮನೆಯೊಳಗಲ್ಲ, ಮೆಟ್ಟಿಲ ಕೆಳಗೆ. ಬೀದಿ ನಾಯಿಗಳು ಮಲಗುವ ಹಳೇ ಗೋಣಿಚೀಲದ ರಾಶಿ ಇತ್ತು. ಅತ್ತೆಯೇ ಮುಂದೆ ನಿಂತು ಅದನ್ನು ತೆಗೆಸಿ, ಗೋಡೆಗೆ ಸಿಮೆಂಟ್ ಮೆತ್ತಿಸಿದರು. ಆ ಎರಡು ಬೀದಿ ನಾಯಿಗಳಿಗೂ ಕತ್ತಿನ ಹಿಂದೆ ಹನಿಸುವ ಔಷಧಿ ಹಾಕಿಸಿದ್ದೇವೆ. ತಿಂಗಳಿಗೊಮ್ಮೆ ಹಾಕಬೇಕಂತೆ. ಕೆಳಗಿನ ಮನೆಯವರು ಅರ್ಧ ಖರ್ಚು ಕೊಡುತ್ತೇವೆ ಅಂದಿದ್ದಾರೆ.